‘ಹಠ’ ಅಂತ ಬರೆಯಬೇಡಿ, ಆದದ್ದನ್ನು ಬರೆಯಿರಿ

ಪ್ರಶ್ನೆ: ಮಗನಿಗೆ 2 ವರ್ಷ 4 ತಿಂಗಳು. ಹತ್ತು ಪದವೂ ಆಡುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದು ಅಪರೂಪ, ಆಗಾಗ ಚೀರಿ ನೆಲದ ಮೇಲೆ ಹೊರಳಾಡುತ್ತಾನೆ. ಡಾಕ್ಟರ ಮುಂದೆ ಮಾತ್ರ ಸುಮ್ಮನೆ ಕೂತಿದ್ದ. ಐದು ನಿಮಿಷ ನೋಡಿ ‘ಏನಿಲ್ಲ’ ಅಂದರು. ಅತ್ತೆ, ‘ಇವನಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಅನ್ನುತ್ತಾರೆ. ನಾನು ಎಲ್ಲ ಬರೆದಿಡಲು ಹೊರಟರೆ ಯಜಮಾನರಿಗೆ ಕೋಪ: ‘ಮಗುವಿನ ಮೇಲೇ ಚಾಡಿ ಬರೀತೀಯಾ?’ ಇದು ತಪ್ಪೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ತಪ್ಪಲ್ಲ. ಆದರೆ ‘ತುಂಬಾ ಹಠ’, ‘ಮೂಡಿ’ ಅಂತ ಬರೆದರೆ ಅದು ಚಾಡಿಯೇ ಆಗುತ್ತದೆ, ಡಾಕ್ಟರಿಗೂ ಉಪಯೋಗವಿಲ್ಲ. ‘ಮಂಗಳವಾರ ಸಂಜೆ 6.10. ಮಿಕ್ಸಿ ಹಾಕಿದೆ. ಕಿವಿ ಮುಚ್ಚಿಕೊಂಡು ಚೀರಿದ, ನೆಲಕ್ಕೆ ಬಿದ್ದ. 7 ನಿಮಿಷ. ಮೊಬೈಲ್ ಕೊಟ್ಟ ಮೇಲೆ ನಿಂತ’ ಅಂತ ಬರೆಯಿರಿ. ಮೊದಲು ಏನಾಯಿತು, ಮಗು ಏನು ಮಾಡಿತು, ಎಷ್ಟು ಹೊತ್ತು, ಆಮೇಲೆ ನೀವೇನು ಮಾಡಿದಿರಿ, ಇಷ್ಟೇ. ಕೊನೆಯದನ್ನು ಬಿಡುವವರೇ ಹೆಚ್ಚು. ಚೀರಿದಾಗಲೆಲ್ಲ ಮೊಬೈಲ್ ಸಿಗುತ್ತಿದ್ದರೆ ಚೀರಾಟಕ್ಕೆ ಅದೂ ಒಂದು ಕಾರಣವಿರಬಹುದು. ಮೊಬೈಲ್, ಟಿವಿ ದಿನಕ್ಕೆಷ್ಟು ಗಂಟೆ ಅನ್ನುವುದನ್ನೂ ಸಂಕೋಚವಿಲ್ಲದೆ ಬರೆಯಿರಿ.

ರಾತ್ರಿ ಮಲಗುವ ಮುಂಚೆ ನೆನೆಸಿಕೊಂಡು ಬರೆಯುವುದು ಬೇಡ. ಆ ಹೊತ್ತಿಗೆ ಜೋರು ಗಲಾಟೆಯೊಂದೇ ನೆನಪಿರುತ್ತದೆ. ಅಡುಗೆಮನೆಯಲ್ಲೊಂದು ಚಿಕ್ಕ ಪುಸ್ತಕ ಇಟ್ಟು ಆಗಿಂದಾಗ ಎರಡು ಸಾಲು ಗೀಚಿದರೆ ಸಾಕು.

ಕರೆದರೆ ತಿರುಗುವುದಿಲ್ಲ ಅನ್ನುವುದನ್ನು ಎಣಿಸಿಯೇ ನೋಡಿ. ದಿನದ ಬೇರೆ ಬೇರೆ ಹೊತ್ತಿನಲ್ಲಿ, ಟಿವಿ ಆರಿಸಿ, ಐದಾರು ಅಡಿ ಹಿಂದಿನಿಂದ, ಮಾಮೂಲಿ ದನಿಯಲ್ಲಿ ಒಂದೇ ಸಲ ಹೆಸರು ಕರೆಯಿರಿ. ಚಪ್ಪಾಳೆ ಬೇಡ, ‘ಚಾಕೊಲೇಟ್’ ಅನ್ನುವುದೂ ಬೇಡ. ಹತ್ತರಲ್ಲಿ ಎಷ್ಟು ಸಲ ತಿರುಗಿದ ಅಂತ ಬರೆದುಕೊಳ್ಳಿ.

ಪದಗಳಿಗೆ ಬೇರೆ ಪುಟ. ನೀರಿಗೆ ಪ್ರತಿಸಲವೂ ‘ಬೂ’ ಅಂದರೆ ಅದೂ ಒಂದು ಪದವೇ. ಮನೆಯಲ್ಲಿ ಎರಡು ಭಾಷೆಯಿದ್ದರೆ ಎರಡರದ್ದೂ ಲೆಕ್ಕಕ್ಕೆ ಬರುತ್ತವೆ. ತಾನಾಗಿ ಆಡಿದ್ದನ್ನೂ ನಾವು ಹೇಳಿದ್ದನ್ನು ಹಾಗೇ ಒಪ್ಪಿಸಿದ್ದನ್ನೂ ಬೇರೆ ಮಾಡಿ. ಎರಡು ತುಂಬುವ ಹೊತ್ತಿಗೆ ‘ಅಮ್ಮ ಬಾ’ ಥರ ಎರಡು ಪದ ಕೂಡಿಸಬೇಕು. ಅದಕ್ಕಿಂತ ಮುಖ್ಯವಾದದ್ದು ಬೆರಳು: ಬೇಕಾದದ್ದಕ್ಕೆ ನಿಮ್ಮ ಕೈ ಹಿಡಿದು ಎಳೆಯುತ್ತಾನೋ, ‘ನೋಡು ನಾಯಿ’ ಅನ್ನುವಂತೆ ತೋರಿಸಿ ನಿಮ್ಮ ಮುಖವನ್ನೂ ನೋಡುತ್ತಾನೋ? ಹೀಗೆ ತೋರಿಸಿ ಮುಖ ನೋಡುವುದು ಸಾಮಾನ್ಯವಾಗಿ ಒಂದೂವರೆ ವರ್ಷಕ್ಕೆ ಬರುವ ಗುಣ. ಚೆನ್ನಾಗಿ ಮಾಡುವುದನ್ನೂ ಬರೆಯಿರಿ. ಬರೀ ದೂರು ತುಂಬಿದ ಪುಸ್ತಕದಿಂದ ಅರ್ಧ ಮಗುವಷ್ಟೇ ಕಾಣುತ್ತದೆ.

ಡಾಕ್ಟರ ಮುಂದೆ ಕಾಣದ್ದಕ್ಕೆ ಒಂದೆರಡು ನಿಮಿಷದ ಮೂರ್ನಾಲ್ಕು ವಿಡಿಯೊ ಸಾಕು: ಒಬ್ಬನೇ ಆಡುವಾಗ, ಬೇರೆ ಮಕ್ಕಳ ಜೊತೆ, ಊಟಕ್ಕೆ ಕೂತಾಗ. ನಡುವೆ ‘ಹೇಳು ಪುಟ್ಟಾ’ ಅನ್ನಬೇಡಿ. ಬಂಧುಗಳ ವಾಟ್ಸಾಪ್ ಗುಂಪಿಗಂತೂ ಹಾಕಲೇಬೇಡಿ.

ಎರಡು ವಾರದ ಬರಹ ಸಾಕು. ಪುಸ್ತಕ ತುಂಬಲಿ ಅಂತ ಕಾಯುವುದು ದೊಡ್ಡ ಎಡವಟ್ಟು. ಆಟಿಸಂ ಲಕ್ಷಣಗಳಿವೆಯೇ ಅಂತ ನೋಡುವ, ಎಂ-ಚಾಟ್ ಎಂಬ 20 ಪ್ರಶ್ನೆಗಳ ತಪಾಸಣೆ 16ರಿಂದ 30 ತಿಂಗಳ ಮಕ್ಕಳಿಗಷ್ಟೇ. ನಿಮ್ಮ ಮಗನಿಗೆ ಈಗಲೇ 28. ಬರೆಯುತ್ತಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಆಡುತ್ತಿದ್ದ ಪದ ನಿಂತುಹೋಗಿದ್ದರೆ, ಫಿಟ್ಸ್ ಬಂದಿದ್ದರೆ ಎರಡು ವಾರವೂ ಕಾಯಬೇಡಿ. ಶ್ರವಣ ಪರೀಕ್ಷೆಯನ್ನು ಕೇಳಿಯೇ ಮಾಡಿಸಿ. ಪಕ್ಕದ ಕೋಣೆಯ ಜಾಹೀರಾತಿಗೆ ಓಡಿಬರುವ ಮಗುವಿಗೂ ಕೆಲವು ಬಗೆಯ ಸದ್ದುಗಳು ಕೇಳಿಸದಿರಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ‘ಡಿಇಐಸಿ’ ಎಲ್ಲಿ ಅಂತ ವಿಚಾರಿಸಿ, ಬೆಳವಣಿಗೆ ತಡವಾದ ಮಕ್ಕಳಿಗೆಂದೇ ಇರುವ ಕೇಂದ್ರ ಅದು. ತಾಯಿ ಕಾರ್ಡ್ ಮರೆಯಬೇಡಿ. ಡಾಕ್ಟರ ಕೈಗೆ ಪುಸ್ತಕ ಕೊಡದೆ ಒಂದು ಪುಟದ ಸಾರಾಂಶ ಕೊಡಿ, ಪುಸ್ತಕ ನಿಮ್ಮ ಬ್ಯಾಗಿನಲ್ಲಿರಲಿ.

ಯಜಮಾನರ ಜೊತೆ ವಾದ ಬೇಡ. ಹೆಸರು ಕರೆಯುವ ಲೆಕ್ಕವನ್ನು ಅವರೂ ಬೇರೆ ಹಾಳೆಯಲ್ಲಿ ಇಡಲಿ, ಭಾನುವಾರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅತ್ತೆಯ ಮಾತನ್ನೂ ತಳ್ಳಿಹಾಕಬೇಡಿ. ಅಪ್ಪ ತಡವಾಗಿ ಮಾತಾಡಿದ್ದು ಡಾಕ್ಟರಿಗೆ ಬೇಕಾದ ವಿವರವೇ. ಮೂರಕ್ಕೆ ಬಂದದ್ದು ಬಿಡಿ ಪದವೋ ಪೂರ್ತಿ ವಾಕ್ಯವೋ, ಅದಕ್ಕೂ ಮುಂಚೆ ಬೆರಳು ಮಾಡಿ ತೋರಿಸುತ್ತಿದ್ದರೋ ಅಂತ ಕೇಳಿ ಅದನ್ನೂ ಬರೆದುಕೊಳ್ಳಿ.