‘ಮನೇಲೇ ಇದ್ದೀಯಲ್ಲ’ ಅನ್ನುವವರಿಗೆ ಏನು ಹೇಳಲಿ?

ಪ್ರಶ್ನೆ: ವಯಸ್ಸು 29. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದಲೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಟೀಮ್ ಮೀಟಿಂಗ್, ರಾತ್ರಿ ಒಂದರವರೆಗೂ ಅಮೆರಿಕದ ಕ್ಲೈಂಟ್ ಕಾಲ್. ಕರೆಂಟ್ ಹೋದರೆ ಎದೆ ಹೊಡೆದುಕೊಳ್ಳುತ್ತದೆ. ಇಷ್ಟಪಟ್ಟು ಸೇರಿದ ಕೆಲಸವೇ ಬೇಡ ಅನ್ನಿಸುತ್ತಿದೆ, ಏನು ಮಾಡಿದರೂ ಸರಿಹೋಗುತ್ತಿಲ್ಲ. ಮನೆಯವರು ‘ಮನೇಲೇ ಇದ್ದೀಯಲ್ಲ, ಅಡಿಕೆ ಸುಲಿಯೋಕೆ ಬಾ’ ಅನ್ನುತ್ತಾರೆ. ಕೆಲಸ ಬಿಟ್ಟು ತೋಟ ನೋಡಿಕೊಳ್ಳಲಾ?

ಉತ್ತರ: ಈ ತಿಂಗಳು ರಾಜೀನಾಮೆ ಬರೆಯಬೇಡಿ. ಬಿಡಲೇಬಾರದು ಅಂತಲ್ಲ. ಇಷ್ಟು ನಿದ್ದೆಗೆಟ್ಟಾಗ ಬದುಕಿನ ದೊಡ್ಡ ತೀರ್ಮಾನ ಬೇಡ. ಈಗ ತೋಟ ನೆಮ್ಮದಿಯ ಜಾಗ ಅನ್ನಿಸುವುದು ಸಹಜ. ಆದರೆ ಕೊಳೆ ರೋಗ, ಎಲೆಚುಕ್ಕಿ ರೋಗದ ಚಿಂತೆಯಲ್ಲಿ ಅಪ್ಪ ಎಷ್ಟು ರಾತ್ರಿ ನಿದ್ದೆ ಬಿಟ್ಟಿದ್ದಾರೆ, ಕೇಳಿ ನೋಡಿ. ತೋಟ ಬೇಕು ಅಂತ ಅಲ್ಲಿಗೆ ಹೋಗಿ, ಲ್ಯಾಪ್‌ಟಾಪ್ ಸಾಕಾಯ್ತು ಅಂತ ಬೇಡ.

ನಿಮ್ಮದು ಸೋಮಾರಿತನ ಅಲ್ಲ. ಸುಸ್ತು, ಕೆಲಸದ ಮೇಲೆ ಬೇಸರ, ನನ್ನಿಂದ ಏನೂ ಆಗುತ್ತಿಲ್ಲ ಅನ್ನುವ ಭಾವನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಹೇಳಿದ ಲಕ್ಷಣಗಳು ಇವೇ. ಕೆಲಸದ ಒತ್ತಡ ಬಹಳ ದಿನ ಹಾಗೇ ಉಳಿದರೆ ಹೀಗಾಗುತ್ತದೆ.

ನೀವು ಎರಡು ಶಿಫ್ಟ್ ಒಬ್ಬರೇ ಮಾಡುತ್ತಿದ್ದೀರಿ. ಮ್ಯಾನೇಜರ್‌ಗೆ ಬರೀ ‘ಒತ್ತಡ ಜಾಸ್ತಿ’ ಅಂದರೆ ‘ಎಲ್ಲರಿಗೂ ಇದೆ’ ಅನ್ನುತ್ತಾರೆ. ಎರಡು ವಾರ ಲಾಗಿನ್, ಲಾಗೌಟ್ ಸಮಯ ಬರೆದಿಟ್ಟು ಮೇಲ್ ಮಾಡಿ. ರಾತ್ರಿ ಕಾಲ್ ಇದ್ದರೆ ಮರುದಿನ ಮಧ್ಯಾಹ್ನದಿಂದ ಕೆಲಸ ಅಂತ ಕೇಳಿ. ಅದು ದಯೆ ಬೇಡಿದಂತೆ ಅಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಓವರ್‌ಟೈಮ್ ಬಿಟ್ಟರೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಇದೆ. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಹೋಗುತ್ತದೆ ಅಂತಲೂ ಅದೇ ಮೇಲ್‌ನಲ್ಲಿ ಬರೆಯಿರಿ. ಅದರ ಭಾರ ನೀವೊಬ್ಬರೇ ಹೊರಬೇಕಿಲ್ಲ.

ಮನೆಯವರಿಗೆ ನೀವು ಕೂತಿರುವುದು ಕಾಣುತ್ತದೆ, ಕೆಲಸ ಕಾಣುವುದಿಲ್ಲ, ಅಲ್ವಾ? ಒಂದು ರಾತ್ರಿ ಕಾಲ್ ಮುಗಿಯುವವರೆಗೂ ಅಮ್ಮನನ್ನು ಹತ್ತಿರ ಕೂರಿಸಿಕೊಳ್ಳಿ.

ಎದೆ ಹೊಡೆದುಕೊಳ್ಳುವುದನ್ನು ಸುಮ್ನೆ ಟೆನ್ಷನ್ ಅಂತ ಬಿಡಬೇಡಿ. ಥೈರಾಯ್ಡ್, ರಕ್ತಹೀನತೆ ಇದ್ದರೂ ಹಾಗಾಗುತ್ತದೆ. ಊರಿನ ಡಾಕ್ಟರಿಗೆ ಈ ವಾರವೇ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಯಾರಾದರೂ ನೋಡಿಬಿಟ್ಟರೆ ಅನ್ನುವ ಅಳುಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರೆ ಬೆಳಗಾಗುವವರೆಗೂ ಕಾಯಬೇಡಿ. ಅಮ್ಮನನ್ನು ಎಬ್ಬಿಸಿ, ಆಗಲೇ ಕರೆ ಮಾಡಿ.