ಓದುಗರ ಪ್ರಶ್ನೆ, ನಮ್ಮ ಉತ್ತರ: ಆಕ್ಸಿಜನ್ ಮೀಟರ್ 20 ತೋರಿಸಿದರೆ ಬಾವಿಗೆ ಇಳಿಯಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಗಾಳಿಯದ್ದೇ ವಿಷಯ. ಬಿಸಿಲು ಏರುತ್ತಿದ್ದ ಹಾಗೆ ನಮ್ಮ ಕಡೆ ಬಾವಿ ಹೂಳು ತೆಗೆಯುವ ಕೆಲಸ ಶುರುವಾಗುತ್ತದೆ, ಅದಕ್ಕೇ ಇರಬೇಕು. ಪ್ರಶ್ನೆಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇವೆ, ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಹೊಲದಲ್ಲಿ ಅಜ್ಜನ ಕಾಲದ ಬಾವಿ ಇದೆ, 60 ಅಡಿ ಆಳ. ಎಷ್ಟೋ ವರ್ಷದಿಂದ ಯಾರೂ ಒಳಗೆ ಇಳಿದಿಲ್ಲ. ಈ ಸಲ ಹೂಳು ತೆಗೆಸಬೇಕು. ಕಂದೀಲು ಇಳಿಸಿ ನೋಡೋಣ, ಆರದಿದ್ದರೆ ಸಾಕು ಅಂತ ಅಪ್ಪ ಹೇಳುತ್ತಾರೆ. ಗೆಳೆಯನ ಹತ್ತಿರ ಕೈಯಲ್ಲಿ ಹಿಡಿಯುವ ಆಕ್ಸಿಜನ್ ಮೀಟರ್ ಇದೆ. ಅದರಲ್ಲಿ 19.5 ಪರ್ಸೆಂಟಿಗಿಂತ ಮೇಲೆ ಬಂದರೆ ಧೈರ್ಯವಾಗಿ ಇಳೀರಿ ಅಂತ ಅವನು ಹೇಳುತ್ತಾನೆ. ಯಾರ ಮಾತು ಕೇಳಲಿ? (ಆಳಂದ ತಾಲೂಕು)

ಉತ್ತರ: ಇಬ್ಬರ ಮಾತನ್ನೂ ಪೂರ್ತಿ ನಂಬಬೇಡಿ. ಅಪ್ಪನವರ ಕಂದೀಲಿನ ವಿಷಯ ಮೊದಲು ಹೇಳುತ್ತೇನೆ. ದೀಪ ಆರುವುದು ಆಕ್ಸಿಜನ್ ಸುಮಾರು 16 ಪರ್ಸೆಂಟಿಗೆ ಇಳಿದಾಗ. ಅಷ್ಟೊತ್ತಿಗೆ ಮನುಷ್ಯನ ತಲೆ ಸರಿಯಾಗಿ ಓಡುತ್ತಿರುವುದಿಲ್ಲ, ಉಸಿರು ಜೋರಾಗಿರುತ್ತದೆ, ಹಗ್ಗ ಎಳೀರಿ ಅಂತ ಹೇಳಬೇಕು ಅನ್ನುವುದೂ ಹೊಳೆಯದೆ ಹೋಗಬಹುದು. ಅಂದರೆ ದೀಪ ಆರಿದರೆ ಇಳಿಯಬೇಡಿ ಅನ್ನುವುದು ಸರಿ, ಆರದಿದ್ದರೆ ಇಳೀರಿ ಅನ್ನುವುದು ತಪ್ಪು. ಕೆಸರು ಕೊಳೆತು ಮೀಥೇನ್ ಅನ್ನುವ ಹೊತ್ತಿಕೊಳ್ಳುವ ಅನಿಲ ಎದ್ದಿರುವ ಬಾವಿಗೆ ಬೆಂಕಿ ಇಳಿಸುವುದು ಇನ್ನೊಂದು ಅಪಾಯ.

ಈಗ ಗೆಳೆಯನ 19.5. ಆ ಅಂಕಿ ಸುಳ್ಳಲ್ಲ. ಹೊರಗಿನ ಶುದ್ಧ ಗಾಳಿಯಲ್ಲಿ ಆಕ್ಸಿಜನ್ 20.9 ಪರ್ಸೆಂಟ್ ಇರುತ್ತದೆ, 19.5ಕ್ಕಿಂತ ಕಡಿಮೆಯಾದರೆ ಅಪಾಯ ಅಂತ ಕೈಗಾರಿಕೆಯವರು ಲೆಕ್ಕ ಹಿಡಿಯುತ್ತಾರೆ, ಮೀಟರಿನ ಅಲಾರಂ ಕೂಡ ಸಾಮಾನ್ಯವಾಗಿ ಅಲ್ಲಿಗೇ ಇಟ್ಟಿರುತ್ತಾರೆ. ಆದರೆ ಎಷ್ಟೋ ಜನ ಮರೆಯುವ ಒಂದು ಲೆಕ್ಕ ಇಲ್ಲಿದೆ, ನಿಧಾನವಾಗಿ ಓದಿ.

ಗಾಳಿಯಲ್ಲಿ ಆಕ್ಸಿಜನ್ ಇರುವುದು ಐದರಲ್ಲಿ ಒಂದು ಪಾಲು, ಉಳಿದದ್ದು ಹೆಚ್ಚುಕಡಿಮೆ ಎಲ್ಲಾ ನೈಟ್ರೋಜನ್. ಬೇರೆ ಯಾವುದೋ ಅನಿಲ ಬಾವಿಯ ತಳಕ್ಕೆ ಬಂದು ಕೂತರೆ ಅದು ಆಕ್ಸಿಜನ್ ಒಂದನ್ನೇ ಹೊರಗೆ ತಳ್ಳುವುದಿಲ್ಲ, ಎರಡನ್ನೂ ತಳ್ಳುತ್ತದೆ. ಹಾಗಾಗಿ 5 ಪರ್ಸೆಂಟ್ ಹೊಸ ಅನಿಲ ಸೇರಿದರೂ ಆಕ್ಸಿಜನ್ ಇಳಿಯುವುದು ಬರೀ 1 ಪರ್ಸೆಂಟ್. 20.9 ಇದ್ದದ್ದು 19.9 ಆಯಿತು ಅಂದುಕೊಳ್ಳಿ. ಅಲಾರಂ ಕೂಗುವುದಿಲ್ಲ. ಗೆಳೆಯ ಇಳಿ ಅಂತಾನೆ. ಆ 5 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಆಗಿದ್ದರೆ? ಅದು 4 ಪರ್ಸೆಂಟ್ ಮುಟ್ಟಿದರೇ ಜೀವಕ್ಕೆ ತಕ್ಷಣದ ಅಪಾಯ ಅಂತ, ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ ಗೆರೆ ಎಳೆದಿದೆ. ಮೀಟರ್ ಪ್ರಕಾರ ಗಾಳಿ ಚೆನ್ನಾಗಿದೆ, ಇಳಿದವನ ಪಾಲಿಗೆ ಅಲ್ಲ.

ಎಲೆ, ಕಸ ಕೊಳೆಯುವಾಗ ಅಲ್ಲಿರುವ ಆಕ್ಸಿಜನ್ನೇ ಖರ್ಚಾಗಿ ಕಾರ್ಬನ್ ಡೈಆಕ್ಸೈಡ್ ಆಗುವುದೂ ಉಂಟು. ಆಗ ಒಂದು ಏರಿದಷ್ಟೇ ಇನ್ನೊಂದು ಇಳಿಯುತ್ತದೆ, ಮೀಟರ್ ಬೇಗ ಕೂಗುತ್ತದೆ. ನಿಮ್ಮ ಬಾವಿಯಲ್ಲಿ ಯಾವುದು ನಡೆದಿದೆ ಅಂತ ಮೇಲೆ ನಿಂತವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ನನ್ನ ಮಾತು ಇಷ್ಟು: 19.5ಕ್ಕೆ ಇಳಿಯಲಿ ಅಂತ ಕಾಯಬೇಡಿ. ಬಾವಿ ಕಟ್ಟೆಯ ಮೇಲೆ 20.9 ತೋರಿಸಿದ ಮೀಟರ್ ತಳದಲ್ಲಿ 20.3 ತೋರಿಸಿದರೂ, ಕಡಿಮೆಯಾದದ್ದರ ಜಾಗಕ್ಕೆ ಏನು ಬಂದು ಕೂತಿದೆ ಅಂತ ಕೇಳಿ. ಉತ್ತರ ಸಿಗುವವರೆಗೆ ಯಾರೂ ಇಳಿಯಬಾರದು.

ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ವಿಷಯವಂತೂ ಇನ್ನೂ ಕಷ್ಟ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು ಇದ್ದರೆ ಸಾಕು, ಜೀವಕ್ಕೆ ಅಪಾಯ. ಅಂದರೆ 0.01 ಪರ್ಸೆಂಟ್. ಆಕ್ಸಿಜನ್ ಮೀಟರಿನ ಮುಳ್ಳು ಇದಕ್ಕೆ ಕದಲುವುದೇ ಇಲ್ಲ. ವಾಸನೆ ಬರುತ್ತದಲ್ಲ ಅಂತೀರಾ? ಆ ಮಟ್ಟಕ್ಕೆ ಹೋದಾಗ ಮೂಗೇ ಸತ್ತುಹೋಗುತ್ತದೆ, ವಾಸನೆ ನಿಂತಿತು ಅಂತ ಖುಷಿಪಡುವಂತಿಲ್ಲ.

ಹಾಗಾಗಿ ಬರೀ ಆಕ್ಸಿಜನ್ ಮೀಟರ್ ಸಾಲದು. ನಾಲ್ಕು ಅನಿಲದ ಮೀಟರ್ ಅಂತ ಸಿಗುತ್ತದೆ: ಆಕ್ಸಿಜನ್, ಹೊತ್ತಿಕೊಳ್ಳುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್. ಇದರಲ್ಲೂ ಒಂದು ಕೊರತೆ ಇದೆ ನೋಡಿ, ಸಾಮಾನ್ಯ ಮಾದರಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದಿಲ್ಲ. ಬಾವಿ ಕೆಲಸಕ್ಕೆ ಬಾಡಿಗೆಗೆ ತರುವಾಗ ಅದೂ ಇದೆಯಾ ಅಂತ ಬಾಯಿಬಿಟ್ಟು ಕೇಳಿ.

ಬಳಸುವ ಕ್ರಮ ಹೇಳುತ್ತೇನೆ. ಮೀಟರನ್ನು ಬಯಲಲ್ಲಿ ಆನ್ ಮಾಡಿ, ಟ್ರ್ಯಾಕ್ಟರ್, ಬೈಕಿನ ಹೊಗೆಯಿಂದ ದೂರ. 20.9 ಬರಬೇಕು. ಆಮೇಲೆ ಒಂದು ಸಣ್ಣ ಪರೀಕ್ಷೆ: ಉಸಿರು ಸ್ವಲ್ಪ ಹಿಡಿದು ಮೀಟರಿನ ಬಾಯಿಗೆ ಮೆಲ್ಲಗೆ ಊದಿ. ನಾವು ಬಿಡುವ ಉಸಿರಿನಲ್ಲಿ ಆಕ್ಸಿಜನ್ 16, 17ರ ಹತ್ತಿರ ಇರುತ್ತದೆ. ಅಂಕಿ ಜರ್ರನೆ ಇಳಿದು, 19.5 ದಾಟುತ್ತಿದ್ದ ಹಾಗೆ ಕೂಗಿ, ನಡುಗಿ, ಕೆಂಪು ದೀಪ ಮಿಣುಕಿ, ಬಾಯಿ ತೆಗೆದ ಮೇಲೆ ಮತ್ತೆ 20.9ಕ್ಕೆ ವಾಪಸ್ ಬಂದರೆ ಆಕ್ಸಿಜನ್ ಸೆಲ್, ಅಂದರೆ ಮೀಟರಿನೊಳಗೆ ಆಕ್ಸಿಜನ್ ಅಳೆಯುವ ಸೆನ್ಸರ್, ಜೀವಂತವಾಗಿದೆ ಅಂತ. ಊದಿದರೂ 20.9ರಲ್ಲೇ ಕೂತಿದ್ದರೆ ಆ ಮೀಟರ್ ವಾಪಸ್ ಕೊಡಿ. ಉಳಿದ ಅನಿಲಗಳ ಸೆನ್ಸರ್ ಊದಿದರೆ ಗೊತ್ತಾಗುವುದಿಲ್ಲ, ಅದಕ್ಕೆ ಪರೀಕ್ಷೆಯ ಅನಿಲವೇ ಬೇಕು, ಬಾಡಿಗೆ ಕೊಡುವವರು ಮಾಡಿ ಕೊಡಬೇಕು.

ಪಂಪ್ ಇರುವ ಮೀಟರ್ ಆದರೆ ಕೊಳವೆ ಇಳಿಸಿ, ಮೀಟರ್ ನಿಮ್ಮ ಕೈಯಲ್ಲೇ ಇರಲಿ. ನಾಲ್ಕು ನಾಲ್ಕು ಅಡಿಗೆ ನಿಲ್ಲಿಸಿ, ಪ್ರತಿ ಸಲ ಎರಡು ನಿಮಿಷವಾದರೂ ಕಾಯಿರಿ. 60 ಅಡಿ ಕೊಳವೆಯಲ್ಲಿ ಗಾಳಿ ಮೇಲೆ ಬರುವುದಕ್ಕೇ ಹೊತ್ತು ಬೇಕು, ಆಮೇಲೆ ಸೆನ್ಸರ್ ಸರಿಯಾಗಿ ಓದುವುದಕ್ಕೆ ಅರ್ಧ ನಿಮಿಷ. ಸುಮ್ನೆ ಇಳಿಸಿ ಎತ್ತಿದರೆ ಏನೂ ನೋಡಿದ ಹಾಗಾಗುವುದಿಲ್ಲ. ಕೊಳವೆಯ ತುದಿ ನೀರು ಮುಟ್ಟಬಾರದು. ಪಂಪ್ ಇಲ್ಲದಿದ್ದರೆ ಹಗ್ಗ ಕಟ್ಟಿ ಇಳಿಸಿ, ಮೇಲೆ ತಂದ ಮೇಲೆ ಅದು ನೆನಪಿಟ್ಟುಕೊಂಡ ಅತಿ ಕಡಿಮೆ ಆಕ್ಸಿಜನ್ ಎಷ್ಟು, ಉಳಿದ ಅನಿಲಗಳದ್ದು ಅತಿ ಹೆಚ್ಚು ಎಷ್ಟು ಅಂತ ನೋಡಿ. ಈಗ ತೋರಿಸುತ್ತಿರುವ ಅಂಕಿ ಕಟ್ಟೆಯ ಮೇಲಿನ ಗಾಳಿಯದ್ದು.

ಬೀದರ್ ಪಕ್ಕದ ನೌಬಾದಿನ ಕರೇಜ್ ನೋಡಿದ್ದೀರಲ್ಲ, ಬಹಮನಿಯರ ಕಾಲದ ಸುರಂಗ ನಾಲೆ. ಅದಕ್ಕೆ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಬಾಯಿಗಳಿವೆ, ನೀರು ಸೇದಲೂ ಆಯಿತು, ಗಾಳಿ ಆಡಲೂ ಆಯಿತು. ನಿಮ್ಮ ಬಾವಿಗೆ ಇರುವುದು ಒಂದೇ ಬಾಯಿ, ಗಾಳಿಯನ್ನು ನೀವೇ ಆಡಿಸಬೇಕು. ಬೇವಿನ ಟೊಂಗೆ ಕಟ್ಟಿ ಮೇಲೆ ಕೆಳಗೆ ಆಡಿಸುವ ಹಳೇ ರೂಢಿಯಿಂದ ಚೂರುಪಾರು ಗಾಳಿ ಕದಡುತ್ತದೆ ಅಷ್ಟೇ. ಬ್ಲೋವರ್ ತಂದು ದಪ್ಪ ಪೈಪನ್ನು ತಳದ ಹತ್ತಿರದವರೆಗೆ ಬಿಡಿ, ಮತ್ತೆ ಅಳೆಯಿರಿ, ಕೆಲಸ ಮುಗಿಯುವವರೆಗೂ ನಿಲ್ಲಿಸಬೇಡಿ. ಮೀಟರ್ ಇಳಿದವರ ಎದೆಯ ಹತ್ತಿರ ಇರಬೇಕು, ಯಾಕಂದರೆ ಸಲಿಕೆ ಹಾಕಿ ಹೂಳು ಕದಡಿದಾಗಲೇ ಒಳಗೆ ಸಿಕ್ಕಿಕೊಂಡಿದ್ದ ಅನಿಲ ಏಳುತ್ತದೆ. ಬೆಳಿಗ್ಗೆ ಅಳೆದಿದ್ದೆವಲ್ಲ ಅನ್ನುವ ಮಾತು ಮಧ್ಯಾಹ್ನಕ್ಕೆ ಬರುವುದಿಲ್ಲ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಬೇಡಿ, ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.

ಇಳಿಯುವವರಿಗೆ ಸೊಂಟದ ಹಗ್ಗವಲ್ಲ, ಎದೆ ಮತ್ತು ತೊಡೆಗೆ ಸೇರಿಸಿ ಕಟ್ಟುವ ಬೆಲ್ಟ್ ಬೇಕು, ಮೇಲೆ ಎಳೆಯಲು ರಾಟೆ ಬೇಕು. ಒಳಗಿದ್ದವರು ಕುಸಿದರೆ ಮೇಲಿನಿಂದಲೇ ಎಳೆಯಿರಿ, ಬ್ಲೋವರ್ ಜೋರು ಮಾಡಿ, 112ಕ್ಕೆ ಫೋನ್ ಮಾಡಿ. ಯಾರೂ ಹಿಂದೆ ಇಳಿಯಬೇಡಿ. ಇಂಥ ಜಾಗಗಳಲ್ಲಿ ಸತ್ತವರಲ್ಲಿ 60 ಪರ್ಸೆಂಟಿಗಿಂತ ಜಾಸ್ತಿ ಜನ ಕಾಪಾಡಲು ಹೋದವರೇ ಅಂತ ಅದೇ ನಿಯೋಶ್ 1986ರಲ್ಲೇ ಬರೆದಿತ್ತು. ಅಣ್ಣ ಬಿದ್ದ ಅಂತ ತಮ್ಮ ಇಳಿಯುತ್ತಾನೆ. ಅದನ್ನು ತಡೆಯುವುದೇ ಮೇಲೆ ನಿಂತವರ ಅತಿ ಕಷ್ಟದ ಕೆಲಸ, ಆದರೆ ತಡೆಯಲೇಬೇಕು.

ಪ್ರಶ್ನೆ: ಕೊರೋನಾ ಟೈಮಲ್ಲಿ ತಂದ ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿದೆ, ಅಪ್ಪಾಜಿಗೆ ತಂದ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಪರೀಕ್ಷೆ ಮಾಡುವ ಮೀಟರೂ ಇದೆ. ಅವುಗಳಿಂದ ಆಗಲ್ವಾ? (ಕಲಬುರಗಿ)

ಉತ್ತರ: ಆಗಲ್ಲ. ಬೆರಳಿನ ಮೀಟರ್ ಓದುವುದು ರಕ್ತವನ್ನು, ಗಾಳಿಯನ್ನಲ್ಲ. ಅದು ಇಳಿಯುವ ಹೊತ್ತಿಗೆ ನೀವು ಕೆಟ್ಟ ಗಾಳಿ ಕುಡಿದು ಆಗಿರುತ್ತದೆ. ಕಾನ್ಸಂಟ್ರೇಟರಿನ ಮೀಟರ್ ಅದಕ್ಕಿಂತ ಮೋಸ ಮಾಡುತ್ತದೆ, ಯಾಕಂದರೆ ಹೆಸರು ಒಂದೇ. ಅವುಗಳಲ್ಲಿ ಬಹಳಷ್ಟು ಶಬ್ದದ ಅಲೆಯಿಂದ ಅಳೆಯುತ್ತವೆ, ಒಳಗಿರುವುದು ಆಕ್ಸಿಜನ್ ಮತ್ತು ನೈಟ್ರೋಜನ್ ಎರಡೇ ಅಂತ ನಂಬಿಕೊಂಡು ಲೆಕ್ಕ ಹಾಕುತ್ತವೆ. ಕಾನ್ಸಂಟ್ರೇಟರಿನಿಂದ ಆಕ್ಸಿಜನ್ 93 ಪರ್ಸೆಂಟಿನ ಆಸುಪಾಸು ಬರುತ್ತಿದೆಯಾ ಅಂತ ನೋಡಲು ಅದು ಸರಿ. ಕಾರ್ಬನ್ ಡೈಆಕ್ಸೈಡ್ ಸೇರಿದ ಗಾಳಿಯಲ್ಲಿ ಅದು ತೋರಿಸುವ ಅಂಕಿಗೆ ಅರ್ಥವೇ ಇಲ್ಲ.

ಪ್ರಶ್ನೆ: ನಾನು ತೊಗರಿ ಗೋದಾಮಿನಲ್ಲಿ ಹಮಾಲಿ. ಹುಳ ಬೀಳದ ಹಾಗೆ ಚೀಲದ ಅಟ್ಟಿಗೆ ಗುಳಿಗೆ ಇಟ್ಟು ತಾಡಪಾಲು ಮುಚ್ಚುತ್ತಾರೆ. ತೆಗೆಯುವ ದಿನ ಮಾಲೀಕರು ಆಕ್ಸಿಜನ್ ಮೀಟರ್ ತೋರಿಸಿ, 20.9 ಇದೆ ಹೋಗ್ರಿ ಅಂತಾರೆ. ಒಳಗೆ ಹೋದರೆ ತಲೆನೋವು ಬರುತ್ತದೆ. (ಕಲಬುರಗಿ)

ಉತ್ತರ: ಅಣ್ಣ, ತಲೆನೋವು ಬಂದ ಮೇಲೆ ಮೀಟರ್ ನೋಡಬೇಡಿ, ಹೊರಗೆ ಬನ್ನಿ. ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನ್ನುವ ವಿಷಾನಿಲ ಏಳುತ್ತದೆ, ಹುಳ ಸಾಯುವುದು ಅದರಿಂದಲೇ. ಕೆಲಸದ ಜಾಗದಲ್ಲಿ ಅದಕ್ಕಿರುವ ಮಿತಿ ಹತ್ತು ಲಕ್ಷಕ್ಕೆ 0.3 ಪಾಲು, 50 ಪಾಲು ಅಂದರೆ ಜೀವಕ್ಕೇ ಅಪಾಯ. 50 ಪಾಲು ಇದ್ದಾಗಲೂ ನಿಮ್ಮ ಮಾಲೀಕರ ಮೀಟರ್ 20.9 ಅಂತಲೇ ತೋರಿಸುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ತಪ್ಪು ಯಂತ್ರ ಹಿಡಿದಿದ್ದಾರೆ. ಫಾಸ್ಫೀನ್ ಮೀಟರ್ ಬೇರೆಯೇ ಸಿಗುತ್ತದೆ. ಗುಳಿಗೆ ಇಡಲು ಬಂದ ಪರಿಣತರೇ ತಾಡಪಾಲು ತೆಗೆದು, ಬಾಗಿಲು ತೆರೆದು, ಗಾಳಿ ಆಡಿಸಿ, ಆ ಮೀಟರಿನಲ್ಲಿ ಅಳೆದು ಕೊಡಬೇಕು. ಈ ಪತ್ರಿಕೆಯ ಪುಟವನ್ನೇ ಅವರಿಗೆ ತೋರಿಸಿ. ಇನ್ನೊಂದು ಮಾತು: ಉಳಿದ ಗುಳಿಗೆಯನ್ನು ಮನೆಗೆ ತಂದು ಜೋಳದ ಚೀಲದಲ್ಲಿ ಇಟ್ಟು ಅದೇ ಕೋಣೆಯಲ್ಲಿ ಮಲಗುವವರಿದ್ದಾರೆ. ದಯವಿಟ್ಟು ಬೇಡ.

ಪ್ರಶ್ನೆ: ಫ್ಯಾಕ್ಟರಿಯಲ್ಲಿ ಸೇಫ್ಟಿ ಕೆಲಸ ಕಲಿಯುತ್ತಿದ್ದೇನೆ. ಯಾದಗಿರಿಯಲ್ಲಿ ಮೀಟರನ್ನು 20.9ಕ್ಕೆ ಸೆಟ್ ಮಾಡಿ ಬೀದರಿಗೆ ಒಯ್ದರೆ ಬಯಲಲ್ಲೇ 20.4 ತೋರಿಸುತ್ತದೆ. ಹಾಳಾಗಿದೆಯಾ? (ಯಾದಗಿರಿ)

ಉತ್ತರ: ಹಾಳಾಗಿರಲಿಕ್ಕಿಲ್ಲ. ಬೀದರ್ ಯಾದಗಿರಿಗಿಂತ 200 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಎತ್ತರ ಹೋದಂತೆ ಗಾಳಿಯ ಒತ್ತಡ ಕಡಿಮೆ, ಕೆಲವು ಸೆಲ್‌ಗಳು ಆ ಒತ್ತಡವನ್ನೇ ಓದಿ ಪರ್ಸೆಂಟ್ ಅಂತ ತೋರಿಸುತ್ತವೆ. ಗಾಳಿಯಲ್ಲಿ ಆಕ್ಸಿಜನ್ ಪಾಲು ಎರಡೂ ಊರಲ್ಲಿ ಒಂದೇ. ಕೆಲಸದ ಜಾಗಕ್ಕೆ ಹೋದ ಮೇಲೆ ಅಲ್ಲೇ ಬಯಲಲ್ಲಿ ಸೆಟ್ ಮಾಡಿ. ಬಯಲಲ್ಲಿ ಅಂದೆ, ಟ್ಯಾಂಕಿನ ಬಾಯಿಯ ಹತ್ತಿರ ಅಲ್ಲ, ಶೆಡ್ಡಿನೊಳಗೂ ಅಲ್ಲ. ಕೆಟ್ಟ ಗಾಳಿಯಲ್ಲಿ ನಿಂತು ಸೆಟ್ ಮಾಡುವ ಬಟನ್ ಒತ್ತಿದರೆ, ಅಲ್ಲಿ 19 ಇದ್ದರೂ ಮೀಟರ್ ಅದನ್ನೇ 20.9 ಅಂತ ನಂಬುತ್ತದೆ, ಆಮೇಲೆ ನೀವೂ ನಂಬುತ್ತೀರಿ.

ಸೆಲ್ ಮೇಲಿನ ತಾರೀಖು ನೋಡಿ. ಸಾಮಾನ್ಯ ಸೆಲ್ ಒಳಗೆ ಸೀಸ ಇರುತ್ತದೆ, ಅದು ಬಳಸಿದರೂ ಬಳಸದಿದ್ದರೂ ಸವೆಯುತ್ತದೆ, ಎರಡು ವರ್ಷ ಬಂದರೆ ಹೆಚ್ಚು. ನಮ್ಮ ಬಿಸಿಲಿನಲ್ಲಿ ಮೀಟರನ್ನು ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡಿ, ಗಾಜಿನ ಹಿಂದೆ 50 ಡಿಗ್ರಿ ದಾಟುತ್ತದೆ. ಮತ್ತೆ ನಿಮ್ಮ ಫ್ಯಾಕ್ಟರಿಯಲ್ಲಿ ಟ್ಯಾಂಕಿಗೆ ನೈಟ್ರೋಜನ್ ಬಿಡುತ್ತಾರಾದರೆ ವಿಶೇಷ ಹುಷಾರು. ಅದಕ್ಕೆ ವಾಸನೆ ಇಲ್ಲ, ಉಸಿರು ಕಟ್ಟಿದ ಹಾಗೂ ಆಗುವುದಿಲ್ಲ. ಉಸಿರು ಕಟ್ಟುತ್ತಿದೆ ಅಂತ ಮೈ ಎಚ್ಚರಿಸುವುದು ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದಾಗ, ನೈಟ್ರೋಜನ್‌ನಲ್ಲಿ ಆ ಎಚ್ಚರಿಕೆ ಇಲ್ಲ. ಆಕ್ಸಿಜನ್ ತೀರಾ ಕಡಿಮೆಯಿದ್ದರೆ ಒಂದೆರಡು ಉಸಿರಿಗೇ ಮನುಷ್ಯ ಬೀಳುತ್ತಾನೆ. ಆಕ್ಸಿಜನ್ ಮೀಟರ್ ನಿಜವಾಗಿ ಜೀವ ಉಳಿಸುವ ಜಾಗ ಇದು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ನಾಲ್ಕು ಅನಿಲದ ಮೀಟರ್ ಕೊಂಡಿದ್ದೇವೆ. ಇನ್ನು ಸೆಪ್ಟಿಕ್ ಟ್ಯಾಂಕಿಗೆ ಧೈರ್ಯವಾಗಿ ಆಳು ಇಳಿಸಬಹುದಲ್ವಾ? (ಬೀದರ್)

ಉತ್ತರ: ಇಲ್ಲ. ಮೀಟರ್ ಕೊಂಡರೆ ಲೈಸೆನ್ಸ್ ಸಿಕ್ಕ ಹಾಗಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಸುರಕ್ಷತೆ ಇಲ್ಲದೆ ಸೆಪ್ಟಿಕ್ ಟ್ಯಾಂಕ್ ಶುಚಿಗೆ ಜನರನ್ನು ಹಚ್ಚುವುದು ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಹೀರುವ ಗಾಡಿ ಕರೆಸಿ, ಮೇಲೆ ನಿಂತೇ ಕೆಲಸ ಮುಗಿಯುತ್ತದೆ. ಅದಕ್ಕೆ 14420 ಸಹಾಯವಾಣಿ ಇದೆ.

ಪ್ರಶ್ನೆ: ವೆಲ್ಡಿಂಗ್ ಅಂಗಡಿಯಿಂದ ಆಕ್ಸಿಜನ್ ಸಿಲಿಂಡರ್ ತಂದು ಬಾವಿಯೊಳಗೆ ಬಿಟ್ಟರೆ ಈ ರಗಳೆಯೇ ಇಲ್ಲ ಅಲ್ವಾ? (ಶಹಾಬಾದ್)

ಉತ್ತರ: ಹಾಗೆ ಮಾಡಬೇಡಿ. ಆಕ್ಸಿಜನ್ 23.5 ಪರ್ಸೆಂಟ್ ದಾಟಿದರೂ ಮೀಟರ್ ಕೂಗುತ್ತದೆ, ಆಗ ಬಟ್ಟೆ, ಕೂದಲು, ಎಣ್ಣೆ ಹತ್ತಿದ ಹಗ್ಗ ಒಂದು ಕಿಡಿಗೇ ಭಗ್ಗನೆ ಹೊತ್ತಿಕೊಳ್ಳುತ್ತವೆ. ಕೆಟ್ಟ ಅನಿಲ ಅಲ್ಲೇ ಇರುತ್ತದೆ, ಮೀಟರಿನ ಅಂಕಿ ಮಾತ್ರ ಚೆಂದ ಕಾಣುತ್ತದೆ. ಬ್ಲೋವರ್ ಬಾಡಿಗೆಗೆ ತನ್ನಿ, ಅದು ಹೀರುವ ಬಾಯಿ ಜನರೇಟರ್ ಹೊಗೆಯ ಕಡೆ ತಿರುಗಿರದ ಹಾಗೆ ನೋಡಿಕೊಳ್ಳಿ.