ಅವಿಭಕ್ತ ಆಸ್ತಿಯ ಪಾಲು ಹೊರಗಿನವರಿಗೆ ಮಾರಾಟವಾದರೆ

ಪ್ರಶ್ನೆ: ಗೋಕರ್ಣದ ಸಮೀಪ, ಕಡಲಿಗೆ ಹತ್ತಿರದಲ್ಲಿ ನಮ್ಮದೊಂದು ಹಳೆಯ ಮನೆ ಮತ್ತು ಗದ್ದೆ ಇವೆ. ತಂದೆಯವರು ಉಯಿಲು ಬರೆಯದೆ ತೀರಿಕೊಂಡ ಮೇಲೆ ಪಹಣಿಯಲ್ಲಿ ನಾವು ಮೂವರು ಒಡಹುಟ್ಟಿದವರ ಹೆಸರು ಜಂಟಿಯಾಗಿ ದಾಖಲಾಗಿದೆ, ಪಾಲಾಗಿಲ್ಲ. ಮುಂಬೈಯಲ್ಲಿರುವ ತಮ್ಮ ತನ್ನ ಪಾಲನ್ನು ಹೊರರಾಜ್ಯದ ರೆಸಾರ್ಟ್ ವ್ಯವಹಾರಸ್ಥರಿಗೆ ಮಾರಲು ಹೊರಟಿದ್ದಾನೆ. ಹಿಮಾಚಲ ಪ್ರದೇಶದಲ್ಲಿರುವಂತೆ ಇದನ್ನು ತಡೆಯುವ ಕಾನೂನು ನಮ್ಮಲ್ಲಿಲ್ಲವೇ?
– ಓದುಗರೊಬ್ಬರು, ಕುಮಟಾ ತಾಲ್ಲೂಕು

ಉತ್ತರ: ಹಿಮಾಚಲದ 1972ರ ಕಾಯ್ದೆಯ 118ನೇ ಕಲಮು, ಆ ರಾಜ್ಯದ ಕೃಷಿಕರಲ್ಲದವರು ಸರ್ಕಾರದ ಅನುಮತಿಯಿಲ್ಲದೆ ಭೂಮಿ ಕೊಳ್ಳುವುದನ್ನು ನಿರ್ಬಂಧಿಸುತ್ತದೆ. ಕರ್ನಾಟಕದಲ್ಲಿ ಅಂಥದ್ದಿಲ್ಲ. ನಮ್ಮ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಇದ್ದಾಗಲೂ ಅವು ಕೊಳ್ಳುವವನ ಊರನ್ನು ನೋಡುತ್ತಿರಲಿಲ್ಲ, ಅವನ ಆದಾಯವನ್ನೂ ಕೃಷಿಕ ಹೌದೋ ಅಲ್ಲವೋ ಎಂಬುದನ್ನೂ ನೋಡುತ್ತಿದ್ದವು. 2020ರ ತಿದ್ದುಪಡಿ ಅವನ್ನೂ ತೆಗೆದುಹಾಕಿತು. ಗೇಣಿದಾರರ ಹೋರಾಟ ಕಂಡ ಜಿಲ್ಲೆಯಲ್ಲಿ ಈ ಬಾಗಿಲು ಅಷ್ಟು ಸದ್ದಿಲ್ಲದೆ ತೆರೆದುಕೊಂಡದ್ದು ನನಗೆ ಸರಿಯೆನಿಸಿಲ್ಲ, ಆದರೆ ಇಂದಿನ ಕಾನೂನು ಅದೇ.

ಆದ್ದರಿಂದ ಕೊಳ್ಳುವವರು ಹೊರಗಿನವರೆಂಬ ವಾದದಿಂದ ನಿಮಗೆ ಪ್ರಯೋಜನವಿಲ್ಲ. ನಿಮ್ಮ ಬಲವಿರುವುದು ಆಸ್ತಿ ಇನ್ನೂ ಪಾಲಾಗಿಲ್ಲ ಎಂಬುದರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯಿಸುವುದಾದರೆ, ಅದರ 22ನೇ ಕಲಮಿನಂತೆ, ಉಯಿಲಿಲ್ಲದೆ ಮೊದಲ ವರ್ಗದ ವಾರಸುದಾರರಿಗೆ (ಮಕ್ಕಳು ಈ ವರ್ಗಕ್ಕೆ ಸೇರುತ್ತಾರೆ) ಬಂದ ಆಸ್ತಿಯಲ್ಲಿ ಒಬ್ಬರು ತಮ್ಮ ಹಿತವನ್ನು ಮಾರಹೊರಟಾಗ ಉಳಿದವರಿಗೆ ಅದನ್ನು ಕೊಳ್ಳುವ ಆದ್ಯತೆಯ ಹಕ್ಕಿದೆ. ಇದು ಕೃಷಿಭೂಮಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಬೆಲೆಯ ಬಗ್ಗೆ ಒಮ್ಮತವಾಗದಿದ್ದರೆ ನ್ಯಾಯಾಲಯ ಅದನ್ನು ನಿಗದಿ ಮಾಡುತ್ತದೆ. ಇದು ಕೊಳ್ಳುವ ಹಕ್ಕೇ ಹೊರತು ಮಾರಾಟವನ್ನು ಸುಮ್ಮನೆ ತಡೆದಿಡುವ ಹಕ್ಕಲ್ಲ. ಊರು ಬಿಟ್ಟವನೆಂಬ ಕಾರಣಕ್ಕೆ ತಮ್ಮನ ಪಾಲು ಕಡಿಮೆ ಬೆಲೆಯದಾಗುವುದಿಲ್ಲ, ನೀವು ಹಣ ಹೊಂದಿಸಲೇಬೇಕು.

ಬೆಲೆಯ ಮಾತು ಬಂದಾಗ ದಲ್ಲಾಳಿಗಳು ಹೇಳುವ ಮೊತ್ತವನ್ನು ಹಾಗೆಯೇ ಒಪ್ಪಬೇಡಿ. ಅದು ರೆಸಾರ್ಟ್ ಕಟ್ಟಬಹುದೆಂಬ ಊಹೆಯ ಮೇಲೆ ನಿಂತಿರುತ್ತದೆ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಉಬ್ಬರದ ಗೆರೆಯಿಂದ 500 ಮೀಟರುಗಳವರೆಗೆ ಅನ್ವಯಿಸುತ್ತವೆ. ಜನದಟ್ಟಣೆ ಕಡಿಮೆಯಿರುವ ಗ್ರಾಮೀಣ ತೀರದಲ್ಲಿ ಮೊದಲ 200 ಮೀಟರು ಅಭಿವೃದ್ಧಿ ನಿಷೇಧಿತ ವಲಯ. ನಿಮ್ಮ ಸರ್ವೆ ನಂಬರು ಅದರೊಳಗೆ ಬರುತ್ತದೆಯೇ ಎಂಬುದನ್ನು ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ನೋಡಿಸಿ.

ಮನೆಯ ಮಟ್ಟಿಗೆ ರಕ್ಷಣೆ ಇನ್ನೂ ಗಟ್ಟಿ. ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮಿನಂತೆ, ಅವಿಭಕ್ತ ಕುಟುಂಬದ ವಾಸದ ಮನೆಯ ಪಾಲನ್ನು ಕೊಂಡ ಹೊರಗಿನವರು ನಿಮ್ಮೊಡನೆ ಜಂಟಿ ಸ್ವಾಧೀನ ಕೇಳುವಂತಿಲ್ಲ. ಅವರು ವಿಭಾಗದ ದಾವೆ ಹೂಡಿದರೆ, 1893ರ ವಿಭಾಗ ಕಾಯ್ದೆಯ 4ನೇ ಕಲಮಿನಡಿ ಅವರ ಪಾಲನ್ನು ನೀವೇ ಕೊಳ್ಳಲು ಕೋರಬಹುದು.

ಉಪನೋಂದಣಿ ಕಚೇರಿಗೆ ಬರೀ ತಕರಾರು ಅರ್ಜಿ ಕೊಟ್ಟು ನೋಂದಣಿ ನಿಂತೀತೆಂದು ಕಾಯಬೇಡಿ. ಮೊದಲು ಕೊಳ್ಳಲು ಸಿದ್ಧರಿದ್ದೀರೆಂದು ತಿಳಿಸಿ, ಬೆಲೆ ಕೇಳಿ, ವಕೀಲರ ಮೂಲಕ ತಮ್ಮನಿಗೆ ಲಿಖಿತ ನೋಟಿಸು ಕಳುಹಿಸಿ. ಅವನು ಒಪ್ಪದಿದ್ದರೆ ಪಹಣಿ, ವಂಶವೃಕ್ಷ, ಋಣಭಾರ ಪತ್ರಗಳೊಂದಿಗೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಕೇಳಿ.